ಅಜ್ಜಿ ಓಗೊಟ್ಟ ಸಿನಿಮಾ

ಆಗಿನ್ನೂ ನಮ್ಮೂರ ಸಮುದಾಯ ಭವನಕ್ಕೆ ಟೈಲ್ಸ್ ಬಂದಿರಲಿಲ್ಲ. ಕೆಂಪು ಗಾರೆಯ ನೆಲ, ಕಂಬಿ ಹಾಕಿದ ಕಿಟಕಿಗಳು, ಅಷ್ಟು ದೊಡ್ಡ ಭವನಕ್ಕೆ ಒಂದೇ ಒಂದು ಪ್ಲಗ್ಗು. ಆ ಪ್ಲಗ್ಗು ಇದ್ದದ್ದು ಬಾಗಿಲ ಪಕ್ಕದಲ್ಲಿ, ವೇದಿಕೆಯಿಂದ ಬಲು ದೂರ. ಕಟ್ಟಿಸಿದವರಿಗೆ ಅದೊಂದು ಸಣ್ಣ ಎಡವಟ್ಟು. ಆದರೆ ಒಂದು ಇಡೀ ಮಾಗಿ ಕಾಲ ನನ್ನ ನಿದ್ದೆ ಕೆಡಿಸಿದ್ದು ಅದೇ ಪ್ಲಗ್ಗು.

ಆ ವರ್ಷ ಹಾಸನದಿಂದ ಸಿನಿಮಾ ತೋರಿಸುವ ಒಂದು ಬಳಗ ಭಾನುವಾರ ಬಿಟ್ಟು ಭಾನುವಾರ ನಮ್ಮೂರಿಗೆ ಬರುತ್ತಿತ್ತು. ಶಾಂತಿಗ್ರಾಮದವರೆಗೆ ಬಸ್ಸು, ಅಲ್ಲಿಂದ ಒಳಕ್ಕೆ ಆಟೋ, ತೊಡೆಯ ಮೇಲೆ ಕೂಸಿನ ಹಾಗೆ ಪ್ರೊಜೆಕ್ಟರು. ಬಳಗ ಅಂದರೂ ತಪ್ಪದೆ ಬರುತ್ತಿದ್ದವರು ಸುಮಿತ್ರಾ ಮೇಡಂ ಒಬ್ಬರೇ. ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಹಿಮ ಬೀಳುವ ಊರು, ಬರೀ ಮರಳಿರುವ ಊರು, ಹೆಂಗಸರು ಬೀದಿಯಲ್ಲಿ ನಿಂತು ಸಿಗರೇಟು ಸೇದುವ ಊರು, ಎಲ್ಲವನ್ನೂ ತಂದು ನಮ್ಮ ಸುಣ್ಣದ ಗೋಡೆಯ ಮೇಲೆ ಬಿಡುತ್ತಿದ್ದರು. ಮೊದಲಿಗೆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, "ಮಾತು ಅರ್ಥ ಆಗ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಮುಖ ನೋಡಿ, ಸಾಕು" ಅನ್ನುತ್ತಿದ್ದರು. ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ಅವನ್ನು ಅಷ್ಟು ಬೇಗ ಓದುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಸಂಜೆ ಡೈರಿಗೆ ಹಾಲು ಹಾಕಬೇಕಲ್ಲ, ಅದಕ್ಕೇ ಸಿನಿಮಾ ಮಧ್ಯಾಹ್ನ. ಕಿಟಕಿಗಳಿಗೆ ರಾಗಿ ಚೀಲ ಕಟ್ಟಿ, ಬಾಗಿಲಿಗೆ ಟಾರ್ಪಾಲು ಇಳಿಬಿಟ್ಟು ಹಗಲನ್ನೇ ಕತ್ತಲು ಮಾಡುತ್ತಿದ್ದರು. ಅವರೆಕಾಯಿಯ ಕಾಲ. ಹೆಂಗಸರು ಮೊರದ ತುಂಬ ಕಾಯಿ ತಂದು ಕತ್ತಲಲ್ಲೇ ಸುಲಿಯುತ್ತಿದ್ದರು. ಗೋಡೆಯ ಮೇಲೆ ಯಾರೋ ಅಳುತ್ತಿದ್ದರೆ ಇಲ್ಲಿ ಚಟಚಟ ಕಾಯಿ ಒಡೆಯುವ ಸದ್ದು, ಭವನದ ತುಂಬ ಸೊಗಡಿನ ವಾಸನೆ. ಈಗಲೂ ಅವರೆಕಾಯಿಯ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಹಿತಕಿದ ಬೇಳೆ ಸಾರಲ್ಲ, ಪರದೇಶದ ಅಳು.

ಪ್ಲಗ್ಗು ಹಿಂದಿದ್ದುದರಿಂದ ಸೌಂಡ್ ಬಾಕ್ಸೂ ಹಿಂದೆಯೇ, ಬಾಗಿಲ ಹತ್ತಿರ. ಚಿತ್ರ ಎದುರಿಗೆ, ದನಿ ಬೆನ್ನ ಹಿಂದಿನಿಂದ. ತುಟಿ ಅಲ್ಲಿ ಆಡಿದರೆ ಮಾತು ಇಲ್ಲಿ ಹುಟ್ಟುತ್ತಿತ್ತು. ದೊಡ್ಡವರು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾನು ಮಾತ್ರ ಪ್ರತಿ ಸಲ ಬೆಚ್ಚಿ ಹಿಂದಕ್ಕೆ ತಿರುಗುತ್ತಿದ್ದೆ.

ನಾನು ಹುಟ್ಟಾ ಪುಕ್ಕಲಿ. ಅದಕ್ಕೆ ನೀರೆರೆದು ಬೆಳೆಸಿದವಳು ನನ್ನ ಅಪ್ಪನ ಅವ್ವ, ನಂಜಮ್ಮಜ್ಜಿ. ಅವಳ ಹತ್ತಿರ ಎಲ್ಲದಕ್ಕೂ ಒಂದು ಕಟ್ಟಳೆ ಇತ್ತು. ಮನೆಯಿಂದ ಹೊರಡುವಾಗ 'ಓಯ್ತೀನಿ' ಅನ್ನಕೂಡದು, 'ಬತ್ತೀನಿ' ಅನ್ನಬೇಕು. ಹೋಗುತ್ತೇನೆ ಅಂದವರು ಹೋಗಿಯೇ ಬಿಡುತ್ತಾರಂತೆ. ಬಾಯಿ ತಪ್ಪಿ ನಾನು 'ಸ್ಕೂಲಿಗೆ ಓಯ್ತೀನಿ' ಅಂದರೆ ಹೊಸ್ತಿಲಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, 'ಬತ್ತೀನಿ' ಅನ್ನಿಸಿಯೇ ಕಳಿಸುತ್ತಿದ್ದಳು. ಇನ್ನೊಂದು ಕಟ್ಟಳೆ ಇದಕ್ಕಿಂತ ಕೆಟ್ಟದು.

"ಇಂದ್ಗಡೆಯಿಂದ ಯಾರಾದ್ರೂ ಕರದ್ರೆ, ಮುಖ ನೋಡ್ದೆ ಓ ಅನ್ಬಾರ್ದು ಕಣವ್ವ."

"ಅಂದ್ರೆ ಏನಾಯ್ತದಜ್ಜಿ?"

"ಓ ಅಂದೋರು ಆ ದನಿ ಇಂದೇನೇ ಒಂಟೋಯ್ತಾರೆ. ಆಮೇಲೆ ನಾವು ಎಷ್ಟು ಕರದ್ರೂ ತಿರುಗಲ್ಲ."

ಹೊಲದಿಂದ ಬರುವಾಗ ಅವ್ವ ಹಿಂದಿನಿಂದ ಕರೆದರೂ ನಾನು ಓ ಅನ್ನದೆ ಓಡುತ್ತಿದ್ದೆ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು.

ಆ ಭಾನುವಾರ ಅಜ್ಜಿ ಹಸುವಿಗೆ ಹುಲ್ಲು ಹಾಕಿ ಹೊರಡುವಷ್ಟರಲ್ಲಿ ತಡವಾಯಿತು. ನಾವು ಟಾರ್ಪಾಲು ಸರಿಸಿ ಒಳಗೆ ಹೋದಾಗ ಮೇಡಂ ಕಥೆ ಹೇಳಿ ಮುಗಿಸಿದ್ದರು, ಚಿತ್ರ ಶುರುವಾಗಿತ್ತು. ಹಾಗಾಗಿ ಗೋಡೆಯ ಮೇಲಿದ್ದ ಹುಡುಗ ಯಾರು, ಏನು ಹುಡುಕುತ್ತಿದ್ದಾನೆ ಎಂಬುದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನನ್ನಷ್ಟೇ ವಯಸ್ಸಿನವನು. ಅವನಿಗಿಂತ ದೊಡ್ಡದಾದ ಕೋಟು. ಬೋಳು ಬೆಟ್ಟಗಳ ನಡುವೆ ಒಬ್ಬನೇ ನಡೆಯುತ್ತಿದ್ದ. ಅಜ್ಜಿ ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಅವಳ ತೊಡೆಗೆ ಅಂಟಿಕೊಂಡೆ.

ನೋಡುತ್ತ ನೋಡುತ್ತ ಬೆಟ್ಟದ ಮೇಲೆ ಮಂಜು ಇಳಿಯಿತು. ಹುಡುಗನ ಕಾಲು ಮುಚ್ಚಿತು, ಕೋಟು ಮುಚ್ಚಿತು, ಕೊನೆಗೆ ಮುಖವೂ ಮುಚ್ಚಿ ಗೋಡೆಯೆಲ್ಲ ಬರೀ ಬೆಳ್ಳಗಾಯಿತು. ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಆಗ ನಮ್ಮ ಬೆನ್ನ ಹಿಂದಿನಿಂದ, ಬಾಗಿಲ ಕಡೆಯಿಂದ, ಹುಡುಗನ ದನಿ ಬಂತು.

"ಬಾ… ಬಾ…"

ಅಷ್ಟು ದಿನ ಒಂದು ಪದವೂ ತಿಳಿಯದ ಸಿನಿಮಾ ಇದ್ದಕ್ಕಿದ್ದಂತೆ ನಮ್ಮ ಮಾತನ್ನು ಆಡಿತ್ತು. ಬೆಟ್ಟಕ್ಕೆ ಬಡಿದ ದನಿ ತಿರುಗಿ ಬಂತು. "ಬಾ… ಬಾ…" ಅದರಲ್ಲಿ ಅಳುವಿತ್ತು. ಭವನದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕರೆದ, ಕರೆಯುತ್ತಲೇ ಇದ್ದ. ನಾನು ಹಿಂದಕ್ಕೆ ತಿರುಗಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ.

ಆಗ ಅಜ್ಜಿ, ಕಟ್ಟಳೆ ಕಲಿಸಿದ ಅದೇ ಅಜ್ಜಿ, ಬಾಯಿ ತೆರೆದು ಗಟ್ಟಿಯಾಗಿ ಅಂದುಬಿಟ್ಟಳು.

"ಬತ್ತೀನಿ ಇರು ಮಗಾ."

ಅವಳ ಮಾತು ಮುಗಿಯಿತು, ಕರೆಂಟು ಹೋಯಿತು. ಚಿತ್ರವೂ ಇಲ್ಲ, ದನಿಯೂ ಇಲ್ಲ. ಆ ಹುಡುಗ ಕರೆಯುವುದನ್ನು ನಿಲ್ಲಿಸಿದ್ದ. ಕತ್ತಲಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕು, "ನಂಜಮ್ಮ ಸಿನ್ಮಾದೊಳೀಕೆ ಒಂಟೋಯ್ತಾಳಂತೆ, ಇಡ್ಕೊಳ್ರವ್ವಾ" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎರಡೂ ಕೈಯಿಂದ ಅಜ್ಜಿಯ ಸೆರಗು ಹಿಡಿದುಕೊಂಡೆ.

ಕರೆಂಟು ಬರಲಿಲ್ಲ. ಹಾಲಿನ ಹೊತ್ತಾಯಿತೆಂದು ಜನ ಎದ್ದರು, ಸಿನಿಮಾದ ಕೊನೆ ಯಾರಿಗೂ ಸಿಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಎಂದಿನಂತೆ ಎಲೆಗೆ ಸುಣ್ಣ ಸವರುತ್ತ ನಡೆದಳು. ನಾನು ಸೆರಗು ಬಿಡಲಿಲ್ಲ.

ಮಾರನೆಯ ದಿನವೇ ಅವಳಿಗೆ ಚಳಿಜ್ವರ ಬಂತು. "ಮಾಗಿ ಚಳಿ, ಇನ್ನೇನು" ಎಂದು ಅವ್ವ ಮೆಣಸಿನ ಕಷಾಯ ಕುದಿಸಿದಳು. ಅದು ಚಳಿಯಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಹೇಳೋಣವೆಂದರೆ, ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಟ್ಟರೆ ಎಂಬ ಭಯ. ಹೊಟ್ಟೆನೋವೆಂದು ಸುಳ್ಳು ಹೇಳಿ ಸ್ಕೂಲು ತಪ್ಪಿಸಿ ಅಜ್ಜಿಯ ಪಕ್ಕದಲ್ಲೇ ಕೂತೆ. ಅವಳು ಕಂಬಳಿ ಹೊದ್ದು ಜಗಲಿಯಲ್ಲಿ ಮಲಗಿದ್ದಳು. ಕೊಟ್ಟಿಗೆಯಲ್ಲಿ ಕರು ಅಂಬಾ ಅಂತು. ಅಜ್ಜಿ ಕಣ್ಣು ಬಿಡದೆಯೇ "ಬತ್ತೀನಿ ಇರು" ಅಂದಳು. ಕರುವಿಗೇ ಅಂದದ್ದು ಇರಬಹುದು. ಆದರೆ ಆ ದಿನಗಳಲ್ಲಿ ನಾನು ಕರುವನ್ನೂ ನಂಬುತ್ತಿರಲಿಲ್ಲ.

ಊರಿನ ಹುಡುಗರಿಗೆ ಅದೊಂದು ಆಟವೇ ಆಯಿತು. ಕಣದಲ್ಲಿ ರಾಗಿಹುಲ್ಲಿನ ಮೆದೆಯ ಹಿಂದೆ ಅವಿತು "ಬಾ… ಬಾ…" ಎಂದು ಕೂಗುವುದು. ಓ ಅಂದವರು ಔಟು. ಪಕ್ಕದ ಮನೆಯ ಸೀನ ಎಲ್ಲರಿಗಿಂತ ಚೆನ್ನಾಗಿ ಕೂಗುತ್ತಿದ್ದ. ಒಂದು ದಿನ ಅವನು ನನ್ನ ಕಿವಿಯ ಹತ್ತಿರ ಬಂದು ಅಂದ.

"ನಿಮ್ಮಜ್ಜಿ ಔಟು ಕಣೇ. ಓ ಅಂದ್ಬುಟ್ಟೌಳೆ."

"ಅದು ಸಿನ್ಮಾ ಕಣ್ಲಾ."

"ಸಿನ್ಮಾ ಆದ್ರೆ ನಮ್ ಮಾತು ಎಂಗಾಡ್ತು, ಏಳು ಮತ್ತೆ?"

ನಾನು ಅಳುತ್ತ ಮನೆಗೆ ಓಡಿದೆ. ಜಗಲಿ ಬರಿದಾಗಿತ್ತು, ಕಂಬಳಿ ಮಾತ್ರ ಬಿದ್ದಿತ್ತು. ಹಿತ್ತಿಲಲ್ಲಿ ಹುಡುಕಿದೆ, ಕೊಟ್ಟಿಗೆಯಲ್ಲಿ ಹುಡುಕಿದೆ. 'ಅಜ್ಜೀ' ಎಂದು ಕೂಗಲು ಹೆದರಿಕೆ, ಕೂಗಿದರೆ ತಿರುಗದಿದ್ದರೆ? ಕೊನೆಗೆ ಕಂಡಳು, ಬೇಲಿಯ ಹತ್ತಿರ ಬಿಸಿಲು ಕಾಯಿಸುತ್ತ ಕೂತಿದ್ದಳು. ನಾನು ಸದ್ದು ಮಾಡದೆ ಸುತ್ತು ಹಾಕಿ, ಮುಖ ಕಾಣುವಂತೆ ಎದುರಿಗೆ ಹೋಗಿ ನಿಂತೆ.

ಜ್ವರ ಬಿಟ್ಟಿತು. ಮುಂದಿನ ಸಿನಿಮಾದ ಭಾನುವಾರ ಬಂತು. ಅಜ್ಜಿ ಸೀರೆ ಬದಲಿಸಿ, ತಲೆ ಬಾಚಿಕೊಂಡು ಸಿದ್ಧಳಾದಳು. ಎಲೆಅಡಿಕೆ ಚೀಲವಿಲ್ಲದೆ ಅವಳು ಹೊಸ್ತಿಲು ದಾಟುವವಳಲ್ಲ. ಅದು ನನಗೆ ಗೊತ್ತಿದ್ದೇ ಚೀಲವನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಿದ್ದೆ. ಅವಳು ಮನೆಯೆಲ್ಲ ತಡಕಿದಳು. ಆಮೇಲೆ ನಿಂತು ನನ್ನ ಕೈ ನೋಡಿದಳು. ಮೊಣಕೈವರೆಗೆ ರಾಗಿಯ ಧೂಳು.

"ಯಾಕವ್ವಾ ಬಚ್ಚಿಟ್ಟೆ?"

"ನೀನು ಅವನಿಗೆ ಬತ್ತೀನಿ ಅಂದಿದ್ದೀಯ. ಇವತ್ತು ಅವನು ಕರ್ಕೊಂಡೋಯ್ತಾನೆ."

ಹೇಳಿದ ಮೇಲೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನನ್ನ ಕೈಯ ಧೂಳನ್ನು ಸೆರಗಿನಲ್ಲಿ ಒರೆಸಿ, "ನಡಿ, ಕೇಳ್ಕಂಡು ಬರವಾ" ಎಂದಳು. ಚೀಲವಿಲ್ಲದೆ ಅವಳು ಮನೆ ದಾಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಭವನದಲ್ಲಿ ಇನ್ನೂ ಕಿಟಕಿಗೆ ಚೀಲ ಕಟ್ಟಿರಲಿಲ್ಲ. ಸುಮಿತ್ರಾ ಮೇಡಂ ವೈರು ಬಿಚ್ಚುತ್ತಿದ್ದರು. ಅಜ್ಜಿ ನೇರ ಹೋಗಿ ಕೇಳಿದಳು.

"ಅವತ್ತು ಮಂಜಿನೊಳಗೆ ಆ ಮಗ ಬಾ ಬಾ ಅಂತಿತ್ತಲ್ಲ, ಯಾರ್ನ ಕರೀತಿದ್ದುದ್ದು?"

ಮೇಡಂಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ವೈರು ಕೆಳಗಿಟ್ಟರು. "ಅಮ್ಮಾ, ಅದು ಬಾ ಬಾ ಅಲ್ಲ, ಬಾಬಾ. ಅವರ ಭಾಷೇಲಿ ಅಪ್ಪ ಅಂತ. ಅವನು ಕಾಣೆಯಾದ ಅವರಪ್ಪನ್ನ ಹುಡುಕ್ತಿದ್ದ, ನಮ್ಮನ್ನ ಕರೀಲಿಲ್ಲ."

ನನಗೆ ಉಸಿರು ಬಂತು. ಅವನು ಕರೆದದ್ದು ಅಜ್ಜಿಯನ್ನಲ್ಲ. ಅಜ್ಜಿ ಔಟಲ್ಲ. ಆದರೆ ಅಜ್ಜಿಯ ಮುಖದಲ್ಲಿ ನನ್ನ ಸಮಾಧಾನ ಕಾಣಲಿಲ್ಲ.

"ಅವರಪ್ಪ ಬಂದ್ನಾ?"

"ಇಲ್ಲಮ್ಮ. ಕೊನೇವರೆಗೂ ಯಾರೂ ಬರಲ್ಲ."

"ಅಂಗಾದ್ರೆ ನಾನು ಅಂದದ್ದು ಸರಿಯಾಯ್ತು ಬುಡಿ. ಮಗ ಅಷ್ಟೊತ್ತಿಂದ ಕರೀತಾ ಅದೆ, ಇಷ್ಟು ಜನ ಕೂತಿದ್ದೀವಿ, ಒಬ್ರಾದ್ರೂ ಓ ಅನ್ನಬೇಕೋ ಬೇಡ್ವೋ?"

ನಾನು ಅವಳ ಸೆರಗು ಜಗ್ಗಿ ಪಿಸುಗುಟ್ಟಿದೆ. "ಇಂದ್ಗಡೆಯಿಂದ ಕರದ್ರೆ ಓ ಅನ್ಬಾರ್ದು ಅಂತ ನೀನೇ ಏಳಿದ್ದಲ್ಲಜ್ಜಿ?"

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಕಟ್ಟಳೆಗಳೆಲ್ಲ ಅವಳ ಅಜ್ಜಿಯ ಕಾಲದವು, ಅವನ್ನು ಅವಳು ಎಂದೂ ಬದಲಿಸಿದವಳಲ್ಲ. "ಅದು ದೊಡ್ಡೋರು ಕರದ್ರೆ ಕಣವ್ವ" ಅಂದಳು. "ಮಗ ಕರದ್ರೆ ಯಾವ ಕಡೆಯಿಂದ್ಲಾದ್ರೂ ಓ ಅನ್ಬೇಕು." ಆ ಹೊಸ ಕಟ್ಟಳೆಯನ್ನು ಅವಳು ಅಲ್ಲೇ, ಆ ಕೆಂಪು ನೆಲದ ಮೇಲೆ ನಿಂತು ಮಾಡಿದಳೆಂದು ನನಗೆ ಇವತ್ತಿಗೂ ಅನುಮಾನ.

ನನ್ನ ಹೆದರಿಕೆ ಅಷ್ಟಕ್ಕೇ ಹೋಗಲಿಲ್ಲ. ಆ ಮಾಗಿ ಮುಗಿಯುವವರೆಗೂ ಸಿನಿಮಾ ನೋಡುವಾಗಲೆಲ್ಲ ಅಜ್ಜಿಯ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡೇ ಕೂರುತ್ತಿದ್ದೆ. ಅವಳು ಬಿಡಿಸಿಕೊಳ್ಳಲಿಲ್ಲ, ಯಾಕೆಂದೂ ಕೇಳಲಿಲ್ಲ.

ಅಜ್ಜಿ ಆಮೇಲೆ ಎಷ್ಟೋ ವರ್ಷ ಇದ್ದಳು. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಬೆಳಿಗ್ಗೆ ಎದೆನೋವೆಂದು ಹಾಸನದ ಆಸ್ಪತ್ರೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಚೀಲ ಸೊಂಟಕ್ಕೆ ಸಿಕ್ಕಿಸಿ, "ಬತ್ತೀನಿ ಕಣವ್ವ" ಅಂದಳು. ನಾನು ಫೋನು ನೋಡುತ್ತಲೇ ಹೂಂ ಅಂದೆ. ಹೇಳಬೇಕಾದ ಮಾತನ್ನೇ ಹೇಳಿ ಹೋದಳು. ಆದರೂ ಬರಲಿಲ್ಲ.

ಸಮುದಾಯ ಭವನಕ್ಕೆ ಈಗ ಟೈಲ್ಸ್ ಬಂದಿದೆ, ಗೋಡೆ ಗೋಡೆಗೂ ಪ್ಲಗ್ಗು ಬಂದಿದೆ. ನಾಮಕರಣ, ಬೀಗರ ಊಟ ನಡೆಯುತ್ತವೆ. ಸಿನಿಮಾ ಬಳಗ ಬರುವುದು ನಿಂತು ಬಹಳ ಕಾಲವಾಯಿತು. ಎಲ್ಲರ ಕೈಯಲ್ಲೂ ಸಿನಿಮಾ ಇರುವಾಗ ರಾಗಿ ಚೀಲ ಕಟ್ಟಿ ಕತ್ತಲು ಮಾಡುವ ಕಷ್ಟ ಯಾರಿಗೆ ಬೇಕು?

ಕಳೆದ ಮಾಗಿಯಲ್ಲಿ, ನಾನೀಗ ಕೆಲಸದಲ್ಲಿರುವ ಹಾಸನದಲ್ಲಿ, ತರಕಾರಿ ಅಂಗಡಿಯ ಮುಂದೆ ಸುಮಿತ್ರಾ ಮೇಡಂ ಸಿಕ್ಕರು. ಇಬ್ಬರೂ ಅವರೆಕಾಯಿ ಆರಿಸುತ್ತಿದ್ದೆವು. ಮಂಜಿನ ಹುಡುಗನ ಸಿನಿಮಾ ಕೇಳಿದೆ. ಹೆಸರು ಬರೆದುಕೊಟ್ಟರು. ಬಾಡಿಗೆ ಮನೆಗೆ ಬಂದು, ಫೋನಿನಲ್ಲಿ ಹುಡುಕಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ನೋಡಿದೆ. ಈಗ ನಾನು ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಸರಾಗವಾಗಿ ಓದಬಲ್ಲೆ. ಮಂಜು ಇಳಿಯಿತು. ಹುಡುಗ ಕರೆದ. ಅಪ್ಪ ಎಂದೇ ಅಕ್ಷರ ಮೂಡಿತು, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವನು ಕರೆಯುತ್ತಲೇ ಇದ್ದ. ಯಾರೂ ಬರಲಿಲ್ಲ. ಬಿಳಿಯ ಪರದೆಯ ಮೇಲೆ ಹೆಸರುಗಳು ಓಡತೊಡಗಿದವು.

"ಬತ್ತೀನಿ ಇರು ಮಗಾ" ಅಂದೆ.

ಕರೆಂಟು ಹೋಗಲಿಲ್ಲ. ಯಾರೂ ನಗಲಿಲ್ಲ. ಓ ಅಂದವಳು ಎಲ್ಲಿ ಹೊರಟುಹೋಗುತ್ತಾಳೋ ಎಂದು ಹೆದರಿ ನನ್ನ ಸೆರಗು ಹಿಡಿದುಕೊಳ್ಳುವವರೂ ಪಕ್ಕದಲ್ಲಿ ಇರಲಿಲ್ಲ.