ಖಾಲಿ ಜಾಡಿಗೆ ಹೊಗೆ

ನನಗೆ ಕೋಪ ಬಂದರೆ ಮನೆಯಲ್ಲಿ ಯಾರೂ ಹೆದರುವುದಿಲ್ಲ. ಇನ್ನೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುತ್ತಾರೆ. ಹೀಗಾಗಿ ಈ ಬೇಸಿಗೆಯ ಕೋಪವನ್ನೆಲ್ಲ ನಿಮ್ಮ ಮುಂದೆ ಸುರಿಯುತ್ತಿದ್ದೇನೆ. ಕೋಪ ಒಬ್ಬ ಮನುಷ್ಯನ ಮೇಲೆ, ಒಂದು ಯಂತ್ರದ ಮೇಲೆ. ಮೊದಲು ಮನುಷ್ಯನ ವಿಷಯ.

ಮಲ್ಲೇಶ್ವರದ ನಮ್ಮ ಮನೆಯ ಗೇಟಿನ ಪಕ್ಕ, ಫುಟ್‌ಪಾತಿನಲ್ಲಿ ಒಂದು ಮಾವಿನ ಮರವಿತ್ತು. ಹಣ್ಣು ಬರೀ ನಾರು, ಹುಳಿ. ಮಿಡಿ ಮಾತ್ರ ಅದರಂಥದ್ದು ಇನ್ನೊಂದಿಲ್ಲ. ನನ್ನ ಹೆಂಡತಿ ವಿಶಾಲು ಮದುವೆಯಾಗಿ ಬಂದಾಗಿನಿಂದ ಅದರದ್ದೇ ಉಪ್ಪಿನಕಾಯಿ ಹಾಕುತ್ತಿದ್ದಳು. ಎದುರುಮನೆಯ ಸತ್ಯಮೂರ್ತಿಯವರಿಗೂ ಪ್ರತಿವರ್ಷ ಒಂದು ಬಾಟಲಿ ಹೋಗುತ್ತಿತ್ತು. ಈ ಸಲ ಅವರು ದೊಡ್ಡ ಕಾರು ಕೊಂಡರು. ಅದು ಅವರ ಗೇಟಿನೊಳಗೆ ತಿರುಗಲು ಮರ ಅಡ್ಡವಾಯಿತು. ಮರ ಒಣಗಿದೆ, ತಂತಿಯ ಮೇಲೆ ಬೀಳುತ್ತದೆ ಎಂದು ದೂರು ಕೊಟ್ಟರಂತೆ. ನಾವು ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಆ ಒಣಗಿದ ಮರ ಮೈತುಂಬ ಮಿಡಿ ಹೊತ್ತು ರಸ್ತೆಯಲ್ಲಿ ಮಲಗಿತ್ತು.

ವಿಶಾಲು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಅಲ್ಲೇ ಕೂತು ಮಿಡಿ ಆರಿಸಿದಳು. ನಾನು ಸತ್ಯಮೂರ್ತಿಯವರ ಬಾಗಿಲಲ್ಲಿ ಗಂಟಲು ಕಟ್ಟುವವರೆಗೆ ಕೂಗಾಡಿದೆ. ಅವರು ಒಳಗೆ ಟೀವಿಯ ಸದ್ದು ಜಾಸ್ತಿ ಮಾಡಿದರು. ಬರುವಾಗ ಯಾಕೆಂದು ನನಗೇ ತಿಳಿಯದೆ ಒಂದು ಕೊಂಬೆಯನ್ನು ಮನೆಗೆ ಎಳೆದು ತಂದೆ.

ಮಿಡಿ ಉಪ್ಪಿನಲ್ಲಿ ಸುಕ್ಕಾಗುವವರೆಗೆ ಕಾಯಬೇಕು. ಆಮೇಲೆ ಖಾರ ಕಲಸಿ ತುಂಬುವ ಮುಂಚೆ ಜಾಡಿಗೆ ಇಂಗಿನ ಹೊಗೆ ಹಿಡಿಸಬೇಕು. ಕೆಂಡದ ಮೇಲೆ ಇಂಗು ಉದುರಿಸಿ ಖಾಲಿ ಜಾಡಿಯನ್ನು ಅದರ ಮೇಲೆ ಬೋರಲು ಹಾಕುವುದು. ಇಲ್ಲದಿದ್ದರೆ ಬೂಷ್ಟು ಬರುತ್ತದೆ ಎಂಬುದು ವಿಶಾಲುವಿನ ಅಚಲ ನಂಬಿಕೆ. ನಮ್ಮಲ್ಲಿ ಹೊಗೆಗೆ ಮರ್ಯಾದೆ ದೊಡ್ಡದು. ದೇವರಿಗೆ ಧೂಪ, ಬಾಣಂತಿಯ ಕೂದಲಿಗೆ ಸಾಂಬ್ರಾಣಿ. ತರ್ಕಶಾಸ್ತ್ರ ಓದುವವರಿಗಂತೂ ಬೆಟ್ಟದ ಮೇಲೆ ಹೊಗೆಯಿದ್ದರೆ ಬೆಂಕಿಯಿದೆ ಎಂಬಲ್ಲಿಂದಲೇ ಪಾಠ ಶುರು. ಆದರೆ ಗ್ಯಾಸಿನ ಒಲೆಯ ಮನೆಯಲ್ಲಿ ಕೆಂಡ ಎಲ್ಲಿಯದು? ಅದು ಬರುತ್ತಿದ್ದದ್ದು ಮಾವಿನ ಮರದಡಿಯ ಇಸ್ತ್ರಿ ಗಾಡಿಯಿಂದ. ನೆರಳು ಹೋದಮೇಲೆ ಗಾಡಿಯೂ ಹೋಯಿತು. ಈ ಜಾಡಿ ಕೆಟ್ಟರೆ ಆ ಮರದ ಇನ್ನೊಂದು ಜಾಡಿ ಈ ಜನ್ಮದಲ್ಲಿಲ್ಲ. ವಿಶಾಲು ಜಾಡಿ ತೊಳೆದು ಒರೆಸಿ, ಮತ್ತೆ ತೊಳೆದು ಒರೆಸಿ ಇಡುತ್ತಿದ್ದಳು.

ಆಗ ಅಟ್ಟದ ಮೇಲಿನ ಯಂತ್ರ ನೆನಪಾಯಿತು. ವೈಯಾಲಿಕಾವಲಿನ ನನ್ನ ಭಾವಮೈದ ಕೋಳಿಗೆ ಹೊಗೆ ಹಿಡಿಸಲು ಕೊಂಡ ಕರೆಂಟಿನ ಸ್ಮೋಕರು. ಅವನ ಹೆಂಡತಿ ಅದನ್ನು ಹೊಸ್ತಿಲು ದಾಟಲು ಬಿಡದ್ದರಿಂದ, ಪ್ಯಾಕು ಕೂಡ ಒಡೆಯದೆ ನಮ್ಮ ಮದುವೆಯ ವಾರ್ಷಿಕೋತ್ಸವದ ಉಡುಗೊರೆಯಾಗಿತ್ತು. ಮರದ ಬಿಲ್ಲೆಗಳನ್ನು ಅದರ ಪಕ್ಕದ ಕೊಳವೆಯಲ್ಲಿ ಪೇರಿಸಿಟ್ಟರೆ ಒಂದೊಂದನ್ನೇ ಕಾದ ತಟ್ಟೆಯ ಮೇಲೆ ತಳ್ಳುತ್ತದೆ. ಬಿಲ್ಲೆ ಉರಿಯದೆ ಹೊಗೆಯಾಡುತ್ತದೆ. ತರ್ಕದವರು ನೋಡಿದರೆ ಕಂಗಾಲಾಗುತ್ತಿದ್ದರು. ಆದರೆ ಬಿಲ್ಲೆ ಕಂಪನಿಯದೇ ಆಗಬೇಕು, ಬೇರೆ ಮರ ಹಾಕಿದರೆ ಗ್ಯಾರಂಟಿ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಯಂತ್ರ ನಮ್ಮದು, ಕರೆಂಟು ನಮ್ಮದು, ಹೊಗೆ ಮಾತ್ರ ಅವರದಂತೆ! ಮೈ ಉರಿದುಹೋಯಿತು.

ಅಷ್ಟರಲ್ಲಿ ಒಣಗಿದ್ದ ಕೊಂಬೆಯನ್ನು ಗರಗಸದಲ್ಲಿ ಬಿಲ್ಲೆಯಾಗಿ ಕುಯ್ದೆ. ಒಂದು ದಪ್ಪ, ಒಂದು ಸೊಟ್ಟ. ಕೊಳವೆಯಲ್ಲಿ ಸಿಕ್ಕಿಕೊಂಡು ಯಂತ್ರ ಕಿರ್ರೆಂದಿತು. ಕುಯ್ದಾಗ ಉದುರಿದ ಮರದ ಹೊಟ್ಟನ್ನೇ ಗುಡ್ಡೆ ಮಾಡಿ, ಅನ್ನದ ಗಂಜಿ, ಇಂಗು ಸೇರಿಸಿ ಕಲಸಿ, ಡಬ್ಬಿಯ ಮುಚ್ಚಳದಲ್ಲಿ ಒತ್ತಿ, ತಾರಸಿಯಲ್ಲಿ ವಿಶಾಲುವಿನ ಸಂಡಿಗೆಯ ಪಕ್ಕ ಒಣಗಲು ಹಾಕಿದೆ. ಸಂಡಿಗೆ ಕದಿಯುವ ಹಳೆಯ ಚಟದಲ್ಲಿ ಒಂದು ಬಿಲ್ಲೆಯನ್ನು ನಾನೇ ಕಚ್ಚಿದೆ. ಉಪ್ಪು ಕಡಿಮೆಯಿತ್ತು.

ಒಣಗಿದ ಬಿಲ್ಲೆ ಕೊಳವೆಗೆ ಸರಿಯಾಗಿ ಕೂತಿತು. ಒಳಗೆ ಜಾಡಿಯಿಟ್ಟು ಸ್ವಿಚ್ ಹಾಕಿದರೆ ಯಂತ್ರ ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಕಂಪನಿಗೆ ಫೋನ್ ಮಾಡಿದೆ. ಒಬ್ಬಾಕೆ ಬಹಳ ವಿನಯದಿಂದ, “ಒಳಗಡೆ ಏನಿಟ್ಟಿದೀರಾ ಸಾರ್, ಚಿಕನ್ನಾ ಫಿಶ್ಶಾ?” ಎಂದರು.

“ಖಾಲಿ ಜಾಡಿ” ಎಂದೆ.

ಅಷ್ಟೇ ವಿನಯದಿಂದ ಆಕೆ, ಖಾಲಿ ಜಾಡಿಗೆ ತಮ್ಮಲ್ಲಿ ಬಟನ್ ಇಲ್ಲವೆಂದರು. ಫೋನ್ ಇಟ್ಟು ಯಂತ್ರದ ನೆತ್ತಿಗೆ ಬಲವಾಗಿ ಗುದ್ದಿದೆ. ದೀಪ ಹಸಿರಾಯಿತು. ನನ್ನ ಕೋಪದಿಂದ ಇಷ್ಟು ವರ್ಷಗಳಲ್ಲಿ ಆದ ಕೆಲಸ ಇದೊಂದೇ.

ಮಾವಿನ ಹೊಗೆ, ಅದರೊಳಗೆ ಇಂಗು. ವಿಶಾಲು ಬಂದು ಮೂಗರಳಿಸಿ ನಿಂತಳು. ಕಣ್ಣಲ್ಲಿ ನೀರಿತ್ತು, ಹೊಗೆಯಿಂದ ಎಂದಳು. ಜಾಡಿ ಇನ್ನೂ ಬೆಚ್ಚಗಿರುವಾಗಲೇ ಮುಚ್ಚಿಟ್ಟು, ಅದು ಆರಿದ ಮೇಲೆ ಉಪ್ಪಿನಕಾಯಿ ತುಂಬಿದಳು.

ಆ ವಾಸನೆ ಹಿಡಿದು ಗೇಟಿಗೆ ಬಂದವರು ಯಾರು ಅಂತೀರಿ? ಸತ್ಯಮೂರ್ತಿ. ಮರದ ಬುಡದ ಪಕ್ಕದಲ್ಲೇ ನಿಂತು, ಈ ಸಲದ ಮಿಡಿ ಘಮ್ಮೆನ್ನುತ್ತಿದೆಯಲ್ಲ ಎಂದು ನಕ್ಕರು. ವಿಶಾಲು ಒಳಗೆ ಹೋಗಿ, ಎಂದಿನಂತೆ ಒಂದು ಬಾಟಲಿ ತುಂಬತೊಡಗಿದಳು. ನಾನು ಹಿಂದೆಯೇ ಹೋಗಿ, ಇಂಥವರಿಗೂ ಕೊಡುತ್ತೀಯಾ ಎಂದು ಹಲ್ಲು ಕಡಿದೆ.

“ಚೆನ್ನಾಗಿ ತಿನ್ಲಿ ರೀ” ಎಂದಳು, ಸೌಟಿನಿಂದ ತಲೆಯೆತ್ತದೆ. “ಕೊನೇ ಮಿಡಿವರೆಗೂ ತಿನ್ಲಿ. ಮುಂದಿನ ವರ್ಷ ಬಾಟ್ಲಿ ತೊಳ್ಕೊಂಡು ಬರ್ತಾರಲ್ಲ, ಆಗ ಅದೇ ಗೇಟ್ ಹತ್ರ ನಿಲ್ಲಿಸ್ಕೊಂಡು ಮಾತಾಡ್ತೀನಿ.”

ನಾನು ಒಂದೇ ಸಂಜೆ ಕೂಗಾಡಿ ಖರ್ಚು ಮಾಡಿದ ಕೋಪವನ್ನು ಅವಳು ಉಪ್ಪಿನಲ್ಲಿ ಹಾಕಿ, ಹೊಗೆ ಹಿಡಿಸಿ, ವರ್ಷಕ್ಕಾಗುವಷ್ಟು ತುಂಬಿಟ್ಟಿದ್ದಳು. ಬಾಟಲಿಯನ್ನು ನಾನೇ ಗೇಟಿಗೆ ಒಯ್ದೆ. ಮುಚ್ಚಳ ಬಿಗಿಯಾಗಿ ಹಾಕಿಡಿ, ಇದು ಕೆಡುವಂಥದ್ದಲ್ಲ ಎಂದು ಸತ್ಯಮೂರ್ತಿಯವರ ಕೈಗಿಟ್ಟೆ.