ತವರುಮನಿಗೆ ಕಳಿಸ್ರಿ ಅಂದಿದ್ದಕ್ಕ ಊರೂರು ದಾಟಿದ ಪೋಸ್ಟು

ನೀವು ಹಾಕಿದ ಪೋಸ್ಟಿಗೆ ಮಂದಿಯೆಲ್ಲಾ ಕೈ ಮುಗಿದು, ಮುಂದಕ್ಕ ಮಾತ್ರ ಒಬ್ರೂ ಕಳಿಸದೇ ಕುಂತಿದ್ದು ನಿಮಗೂ ಆಗೇತೇನ್ರಿ? ನನಗಂತೂ ಆಗೇತಿ.

ನಾವಿರೋದು ಕೊಟ್ಟೂರಾಗ. ನಮ್ಮ ಪಕ್ಕದ ಮನಿಯಾಕಿ ಉಜ್ಜಿನಿಯಿಂದ ಬಸ್ಸಿನಾಗ ಬರುವಾಗ ಮಗಳ ಕಿವಿ ಮಷೀನು ಕಳಕೊಂಡ್ಲು. ಹುಡುಗಿ ಒಂದನೇ ಕ್ಲಾಸು. ಅದಿದ್ರನ ಕೇಳ್ತೈತಿ, ಇಲ್ಲಾಂದ್ರ ಇಲ್ಲ. ಮಗಳು ಮಲಗ್ಯಾಳಂತ ಇಕಿ ಮಷೀನು ಬಿಚ್ಚಿ, ಜೋಡಿ ಬಂದಿದ್ದ ಅತ್ತಿಯ ಎಲಿ ಅಡಿಕಿ ಸಂಚಿಯೊಳಗ ಇಟ್ಟಾಳ. ಆ ಅತ್ತಿ ಇಳಿಯೋ ಗಡಿಬಿಡಿಯಾಗ ಸಂಚಿನ ಸೀಟಿನ ಮ್ಯಾಲೇ ಬಿಟ್ಟಾಳ. ಬಸ್ಸು ಹಡಗಲಿ ಕಡಿ ಹೋತು.

ನನ್ನ ಫೇಸ್‌ಬುಕ್ ಪೇಜಿಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಾ ಕಡಿ ಮಂದಿ ಬರ್ತಾರ. ಮಷೀನು ಹಾಕ್ಕೊಂಡ ಹುಡುಗಿ ಫೋಟೋ, ನನ್ನ ಫೋನ್ ನಂಬರು ಹಾಕಿ, ಕೆಳಗ ‘ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ’ ಅಂತ ಬರದೆ. ಬಂದ್ವು ನೋಡ್ರಿ, ಸಾಲುಸಾಲು ಮುಗಿದ ಕೈ. ‘ಬೇಗ ಸಿಗಲಿ.’ ‘ಒಳ್ಳೇದಾಗ್ಲಿ.’ ಶೇರ್ ಮಾತ್ರ ಇಲ್ಲ. ನಮ್ಮ ಮಂದಿ ಹಂಗ. ಕೈ ಮುಗಿದ್ರ ತಮ್ಮ ಕೆಲಸ ಮುಗೀತು ಅಂದ್ಕೋತಾರ.

ಪಕ್ಕದ ಮನಿಯಾಕಿ ನನ್ನ ಫೋನು ಇಸ್ಕೊಂಡು ನೋಡಿದ್ಲು.

“ಅಕ್ಕಾ, ಇವ್ರೆಲ್ಲಾ ಯಾಕ ಕೈ ಮುಗಿಯಾಕ ಹತ್ಯಾರ? ನನ್ನ ಮಗಳೇನು ದ್ಯಾವ್ರೇನು?”

“ಸಮಾಧಾನ ಹೇಳ್ತಾರಲೇ.”

“ಸಮಾಧಾನ ಕಿವಿಗೆ ಹಾಕಾಕ ಬರ್ತೈತೇನು? ಎಲ್ಲರಿಗೂ ಅಂದ್ರ ಯಾರಿಗಂತ ಕಳಿಸ್ಬೇಕಕ್ಕಾ? ನಾನು ಏನಿದ್ರೂ ತವರುಮನಿಗೆ ಕಳಿಸ್ತೀನಿ. ಹಂಗ ಬರಿ.”

ಆ ಸಾಲು ಅಳಿಸಿ ಬರದೆ: ‘ಅಕ್ಕ ತಂಗೇರಾ, ಇದನ್ನ ನಿಮ್ಮ ತವರುಮನಿಗೆ ಕಳಿಸ್ರಿ. ಅಷ್ಟ ಸಾಕು.’

ಆಮ್ಯಾಲೆ ಆಗಿದ್ದು ಕೇಳ್ರಿ. ಇಕಿ ತನ್ನ ತವರು ಉಜ್ಜಿನಿಗೆ, ತಮ್ಮನ ಹೆಂಡ್ತಿಗೆ ಕಳಿಸಿದ್ಲು. ಆಕಿ ತನ್ನ ತವರು, ಹರಪನಹಳ್ಳಿ ಕಡಿ ಅರಸೀಕೆರಿಗೆ. ಅಲ್ಲಿದ್ದ ಆಕಿ ಅತ್ತಿಗಿ ತನ್ನ ತವರು, ಹಡಗಲಿ ಕಡಿ ಇಟ್ಟಿಗಿಗೆ. ಇದು ಬರೇ ನಮಗ ಗೊತ್ತಾದ ಒಂದು ಎಳಿ. ಇನ್ನ ಎಷ್ಟು ಕಡಿ ಹೊಂಟಿತ್ತೋ ಏನೋ. ಈ ಸೀಮಿಯಾಗ ಹೆಣ್ಣು ಕೊಡದ ಊರಿಲ್ಲ, ತರದ ಊರಿಲ್ಲ. ಒಂದೂರಿನ ಸೊಸಿ ಅಂದ್ರ ಇನ್ನೊಂದೂರಿನ ಮಗಳು. ಇಷ್ಟು ದೊಡ್ಡ ದಾರಿ ನನ್ನ ಕಣ್ಣ ಮುಂದ ಇತ್ತು. ನಾನು ಇಷ್ಟು ವರ್ಷ ಪೋಸ್ಟಿಗೆ ಬಣ್ಣ ಬಳಕೋತ ಕುಂತಿದ್ದೆ.

ಮರುದಿನ ಮಧ್ಯಾಹ್ನ ಇಟ್ಟಿಗಿಯಿಂದ ಒಬ್ಬಾಕಿ ಮುದುಕಿ ಫೋನ್ ಮಾಡಿದ್ಲು. ಆ ಅತ್ತಿಗಿಯ ತಾಯಿ, ಅರಸೀಕೆರಿಯ ಮಗಳ ಮನಿಗೆ ಹೋಗಿ, ಅದ ಬಸ್ಸಿನಾಗ ವಾಪಸ್ ಬಂದಾಕಿ.

“ಮಗಳು ಫೋಟೋ ಕಳಿಸ್ಯಾಳವ್ವ. ಸಂಚಿ ನನ್ನತ್ರ ಐತಿ. ಎಲಿ ಅಡಿಕಿ ನಾನ ಹಾಕ್ಕೊಂಡೀನಿ, ಅದನ್ನ ಕೇಳಬ್ಯಾಡ್ರಿ. ಆ ಸಣ್ಣ ಸಾಮಾನು ಮಾತ್ರ ಏನಂತ ತಿಳಿವಲ್ದಾಗಿತ್ತು. ಹಾಡು ಕೇಳೋದಂತ ನಮ್ಮ ಸೊಸಿ ಕಿವಿಗೆ ಇಟ್ಕೊಂಡು ನೋಡಿದ್ಲು, ಹಾಡು ಬರ್ಲಿಲ್ಲ.”

ತಾಯಿ ಮಗಳು ಅವತ್ತ ಇಟ್ಟಿಗಿಗೆ ಹೋಗಿ ತಂದ್ರು. ಅಲ್ಲೇ ಮುದುಕಿ ಪಡಸಾಲಿಯಾಗ ಕುಂದ್ರಿಸಿ ಮಷೀನು ಹಾಕ್ಯಾರ. ಹುಡುಗಿ ಸುಮ್ನ ಮ್ಯಾಲೆ ನೋಡಿ, “ಅವ್ವಾ, ಈ ಫ್ಯಾನು ಭಾಳ ಸಪ್ಪಳ ಮಾಡ್ತೈತಿ” ಅಂದ್ಲಂತ. ಮುದುಕಿ ಎದ್ದು ಫ್ಯಾನು ಆರಿಸಿ, ಹುಡುಗಿ ಮಾತಾಡೋದನ್ನ ಕೇಳಕೋತ ಕುಂತಳಂತ.

ನಿಮ್ಮ ಪೋಸ್ಟು ಯಾವ್ಯಾವ ಬೀಗರ ಮನಿ ದಾಟಿ, ಯಾರ ಕೈ ಮುಟ್ಟೇತಿ? ಕೆಳಗ ಬರೀರಿ. ಹೆಸರು ಬ್ಯಾಡ, ಊರು ಹೇಳಿದ್ರ ಸಾಕು.