ಗರಸುಗುಂಡಿಯ ಬಾಣಂತಿ

ಗರಸು ಮಣ್ಣಿಗೆ ನೀರು ಚಿಮುಕಿಸಿದಾಗ ಏಳುವ ವಾಸನೆ ಈಗಲೂ ನನ್ನನ್ನು ಕೋಡಿಹಳ್ಳಿ ಕಡೆಯ ತಾತನ ಮನೆಗೆ ಎಳೆದುಕೊಂಡು ಹೋಗುತ್ತದೆ. ಮೊನ್ನೆ ನಮ್ಮ ಬೀದಿಯಲ್ಲಿ ಯಾರದೋ ಮನೆಗೆಂದು ಟ್ರ್ಯಾಕ್ಟರ್ ಗರಸು ಸುರಿದು ಹೋದಾಗಲೂ ಹಾಗೇ ಆಯಿತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ತಾತನ ಹಿತ್ತಲಾಚೆ ಒಂದು ಗುಂಡಿಯಿತ್ತು, ಊರಿನ ಅರ್ಧ ಮನೆಗಳ ನೆಲಕ್ಕೆ ಗರಸು ಕೊಟ್ಟು ಬರಿದಾದ ಗುಂಡಿ. ಬರಿದು ಅಂದವರ ಬಾಯಿಗೆ ಅದೇ ಗರಸು ಹಾಕಬೇಕು! ಅಂಚಿನ ತುಂಬ ತಂಗಡಿ ಹೂವು, ಮಳೆ ಬಿದ್ದರೆ ತಳದಲ್ಲಿ ಜೊಂಡು, ಜೊಂಡಿನಲ್ಲಿ ಕಪ್ಪೆಗಳ ವಟವಟ, ಒಣ ಪುಡಿಯಲ್ಲಿ ಬಟ್ಟಲಿನಂಥ ಕುಳಿ ತೋಡಿ ಇರುವೆಗೆ ಕಾದು ಕೂತ ಹುಳ. ಬೇಸಿಗೆಗೆ ಗುಂಡಿಯ ಮೂಡಣ ಗೋಡೆಗೆ ಕಳ್ಳಿಪೀರಗಳು ಬರುತ್ತಿದ್ದವು. ಗುಬ್ಬಿ ಗಾತ್ರದ ಹಸಿರು ಹಕ್ಕಿ, ಸೂಜಿಯಂಥ ಬಾಲ. ಗರಸು ಕೊರೆದು, ತೋಳುದ್ದ ಬಿಲ ಮಾಡಿ, ಅದರೊಳಗೆ ಮರಿ ಮಾಡುತ್ತಿದ್ದವು.

ಒಂದು ಬೇಸಿಗೆ ನಮ್ಮತ್ತೆ, ಅಪ್ಪನ ತಂಗಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹಿಂದಿನ ಸಲ ಮಗು ಉಳಿದಿರಲಿಲ್ಲ. ದನವೂ ನಾವೂ ಒಂದೇ ಸೂರಿನಡಿ ಇದ್ದ ಮನೆ ಅದು. ಈ ಸಲವಾದರೂ ಗಾಳಿ ತಗಲದ ಬೆಚ್ಚನೆಯ ಕೋಣೆ ಕಟ್ಟಲೇಬೇಕೆಂದು ತಾತ ಹಟ ಹಿಡಿದ. ಒಳ್ಳೆಯ ಗರಸು ಉಳಿದಿದ್ದುದು ಮೂಡಣ ಗೋಡೆಯಲ್ಲಿ ಮಾತ್ರ. ತಾತ ಗುದ್ದಲಿ ಎತ್ತಿದ್ದೇ ತಡ, ಅತ್ತೆ ತುಂಬಿದ ಹೊಟ್ಟೆ ಹೊತ್ತು ಗುಂಡಿಯ ಅಂಚಿಗೆ ಬಂದು ನಿಂತಳು.

“ಬುಡಪ್ಪೋ, ಬಿಲದೊಳ್ಗೆ ಬಾಣಂತಿ ಅವ್ಳೆ. ಬಾಣಂತಿ ಮನೆಗೆ ಗುದ್ಲಿ ಹಾಕ್ತಾರಾ?”

“ನಿಂಗೆ ಕ್ವಾಣೆ ಬ್ಯಾಡ್ವೇನವ್ವಾ?”

“ನಡುಮನೇಲಿ ಒಂದು ಸೀರೆ ಅಡ್ಡ ಕಟ್ಟು, ಸಾಕು. ಮಗ ಹೋದ್ರೆ ಹೆಂಗಿರ್ತದೆ ಅಂತ ನಂಗೊತ್ತು ಕಣಪ್ಪ.”

ತಾತ ಗುದ್ದಲಿ ಕೆಳಗಿಟ್ಟ. ಗೊಣಗಿದ ಅನ್ನಿ, ಗೊಣಗದಿದ್ದರೆ ಅವನು ನಮ್ಮ ತಾತನೇ ಅಲ್ಲ. ಅಜ್ಜಿಯ ಧಾರೆ ಸೀರೆಯ ಮರೆಯಲ್ಲಿ, ಸಾಂಬ್ರಾಣಿ ಹೊಗೆಯ ನಡುವೆ ಅತ್ತೆಗೆ ಹೆಣ್ಣು ಮಗುವಾಯಿತು. ಉಳಿಯಿತು, ಊರಿಗೆಲ್ಲ ಕೇಳುವಂತೆ ಅತ್ತಿತು. ಬಿಲದ ಮರಿಗಳು ಹಾರಿಹೋದ ಮೇಲೂ ತಾತ ಆ ಗೋಡೆ ಮುಟ್ಟಲಿಲ್ಲ. “ಬರೋ ವರ್ಸ ಬಂದ್ರೆ ಎಲ್ಲಿಗೋದಾವು?” ಅಂದ. ಹಾಗಾಗಿ ಕೋಣೆ ಏಳಲೇ ಇಲ್ಲ. ನನ್ನ ತಮ್ಮನೂ ಅದೇ ಸೀರೆಯ ಹಿಂದೆಯೇ ಹುಟ್ಟಿದ.

ಈಗ ಆ ಮನೆಯಿಲ್ಲ, ಗುಂಡಿ ಮುಚ್ಚಿ ಸೈಟು ಮಾಡಿದ್ದಾರೆ. ಹೋದ ವರ್ಷ ಅತ್ತೆಯೂ ತೀರಿಕೊಂಡಳು. ಅಂಥವಳ ಸೆರಗು ಹಿಡಿದು ಬೆಳೆದೆನಲ್ಲ, ಅದಕ್ಕಿಂತ ದೊಡ್ಡ ಪುಣ್ಯ ನನಗೆ ಗೊತ್ತಿಲ್ಲ. ಅವಳ ಗಂಡನ ಊರಿನದೂ ಗರಸು ಭೂಮಿಯೇ. ಹಾಲುತುಪ್ಪದ ದಿನ ಅವಳ ಮಗಳು, ಅದೇ ಸೀರೆಯ ಮರೆಯಲ್ಲಿ ಹುಟ್ಟಿದವಳು, ಸಮಾಧಿಯ ಮೇಲೆ ಹಾಲು ಬಿಟ್ಟಾಗ ಅದೇ ವಾಸನೆ ಎದ್ದಿತು.

“ನಮ್ಮವ್ವಂಗೆ ಈಗ ಸಿಕ್ತು ನೋಡಕ್ಕ, ಗರ್ಸಿನ ಕ್ವಾಣೆ” ಅಂದಳು.

ನಾನು ಬಗ್ಗಿ ಆ ಗರಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಿಸಿಲಿಗೆ ಬೆಚ್ಚಗಿತ್ತು.